ಚಿಪ್ಪಿನ ಮೇಲೆ ಪೌಡರ್

ಧೂಳಮ್ಮ ಮೇಜಿನ ಮೇಲೆ ಒಂದು ಫೋಟೊ ಇಟ್ಟು, "ಇದು ನಿಮ್ಮ ಮನೆಯಿಂದ ಬಂದದ್ದು" ಎಂದಾಗ ಬೆಳಗಿನ ಪಾಳಿಯ ಆಪರೇಟರಿಗೆ ತಲೆಬುಡ ಅರ್ಥವಾಗಲಿಲ್ಲ. ಸೂಕ್ಷ್ಮದರ್ಶಕದ ಆ ಫೋಟೊದಲ್ಲಿದ್ದದ್ದು ಬಂಡೆಯಂಥ ಒಂದು ಬಿಳಿ ಚೂರು. ಅದರಡಿ ಚಿಪ್ಪಿನ ನೇರ ಗೆರೆಗಳ ಸಾಲು. ಚೂರು ಕೂತ ಕಡೆ ನಾಲ್ಕಾರು ಗೆರೆಗಳು ತುಂಡಾಗಿದ್ದವು.

ಧೂಳಮ್ಮ ಎಂದರೆ ಪಾಳಿಯ ಮುಖ್ಯಸ್ಥೆ. ಆ ಹೆಸರಿಟ್ಟವರು ಕೈಕೆಳಗಿನವರೇ. ಅದು ಆಕೆಯ ಕಿವಿಗೂ ಬಿದ್ದಿದೆ, ಒಳಗೊಳಗೇ ಹೆಮ್ಮೆಯೂ ಇದೆ. ಇರದೆ ಏನು? ಅವರ ಕಾರ್ಖಾನೆಯಲ್ಲಿ ಮಾಡುವುದು ಕಂಪ್ಯೂಟರಿನ ಮೆಮೊರಿ ಚಿಪ್ಪುಗಳನ್ನು. ಊಟದ ತಟ್ಟೆಯಷ್ಟು ಅಗಲದ ಸಿಲಿಕಾನ್ ಬಿಲ್ಲೆಯ ಮೇಲೆ ನೂರಾರು ಚಿಪ್ಪು, ಒಂದೊಂದು ಚಿಪ್ಪಿನಲ್ಲಿ ಕೋಟಿಗಟ್ಟಲೆ ಪುಟ್ಟ ಕುಳಿ. ಕುಳಿಯಲ್ಲಿ ಒಂದಿಷ್ಟು ವಿದ್ಯುತ್ ತುಂಬಿದ್ದರೆ ಒಂದು, ಖಾಲಿಯಿದ್ದರೆ ಸೊನ್ನೆ. ಕಂಪ್ಯೂಟರಿನ ನೆನಪೆಂದರೆ ಇಷ್ಟೇ. ಅಷ್ಟು ಸಣ್ಣ ಕುಳಿಗಳ ಮೇಲೆ ಒಂದು ಕಣ ಧೂಳು ಬಿದ್ದರೂ ಅಂಗಳಕ್ಕೆ ಬೆಟ್ಟ ಉರುಳಿದ ಹಾಗೆ. ಅದಕ್ಕೇ ಒಳಗೆ ಹೋಗುವವರು ಅಡಿಯಿಂದ ಮುಡಿಯವರೆಗೆ ಬಿಳಿ ಉಡುಪು ತೊಟ್ಟು, ಕಣ್ಣಷ್ಟೇ ಕಾಣುವಂತೆ ಮುಸುಕು ಹಾಕಿಕೊಂಡು ಹೋಗಬೇಕು.

ಮೂರು ವಾರದಿಂದ ಬೆಳಗಿನ ಪಾಳಿಯಲ್ಲಿ ಮಾತ್ರ ಈ ಬಿಳಿ ಚೂರು ಬೀಳುತ್ತಿತ್ತು. ಯಂತ್ರ ಬಿಚ್ಚಿ ನೋಡಿದ್ದಾಯಿತು, ಗಾಳಿಯ ಜಾಲರಿ ಬದಲಿಸಿದ್ದಾಯಿತು. ಕೊನೆಗೆ ಚೂರನ್ನೇ ಪರೀಕ್ಷೆಗೆ ಕಳಿಸಿದರೆ ಅದು ಮಕ್ಕಳಿಗೆ ಹಚ್ಚುವ ಪೌಡರ್. ಈ ಆಪರೇಟರ್ ಹೆರಿಗೆ ರಜೆ ಮುಗಿಸಿ ಬಂದು ಸರಿಯಾಗಿ ಮೂರು ವಾರ. ಧೂಳಮ್ಮ ಕೇಳುವ ಮೊದಲೇ ಇವಳು ಒಪ್ಪಿಕೊಂಡಳು. ಅತ್ತೆ ನಸುಕಿನಲ್ಲೇ ಎದ್ದು ಮಗುವಿಗೆ ಸ್ನಾನ ಮಾಡಿಸಿ, ಘಮಘಮ ಪೌಡರ್ ಹಚ್ಚಿ ಇವಳ ಕೈಗೆ ಕೊಡುತ್ತಾರೆ. ಬಸ್ಸು ಬರುವವರೆಗಿನ ಹತ್ತು ನಿಮಿಷ ಇವಳು ಅದರ ಕೆನ್ನೆಗೆ ಕೆನ್ನೆ ಒತ್ತಿ ಕೂರುತ್ತಾಳೆ. ಹನ್ನೆರಡು ತಾಸಿನ ಪಾಳಿ ಮುಗಿಸಿ ಮನೆ ಮುಟ್ಟುವಷ್ಟರಲ್ಲಿ ಮಗು ಮಲಗಿರುತ್ತದೆ. ದಿನಕ್ಕೆ ಇವಳ ಪಾಲಿಗೆ ಇರುವ ಮಗು ಆ ಹತ್ತು ನಿಮಿಷದ್ದು.

ಎಷ್ಟು ತೊಳೆದರೂ ಪೌಡರ್ ಹುಬ್ಬಿನಲ್ಲಿ, ರೆಪ್ಪೆಯಲ್ಲಿ ಉಳಿದುಬಿಡುತ್ತದೆ, ಇನ್ನೊಂದು ಸಲ ಕಂಡರೆ ನಿನ್ನನ್ನು ಹೊರಗಿನ ಪ್ಯಾಕಿಂಗ್ ಕೆಲಸಕ್ಕೆ ಹಾಕದೆ ಬೇರೆ ದಾರಿಯಿಲ್ಲ ಎಂದಳು ಧೂಳಮ್ಮ. ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು, ಆಕೆ ಮೆತ್ತಗೆ ಹೇಳಿದ್ದೇ ಹೆಚ್ಚು ನಾಟಿತು. ಒಳಗಿನದು ಇವಳು ಎಂಟು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಲಿತ ಕೆಲಸ.

ಅತ್ತೆಗೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹೇಳುವುದು ಹೇಗೆ? ಮಂಡಿ ನೋವನ್ನು ನುಂಗಿಕೊಂಡು ಇಡೀ ದಿನ ಮಗುವನ್ನು ಎತ್ತಿಕೊಂಡು ಓಡಾಡುವ ಜೀವ ಅದು. ಸೊಸೆಯ ಕೈಗೆ ಮಗುವನ್ನು ಕೊಡುವಾಗ ಅವರ ಮುಖ ನೋಡಬೇಕು. ನಿಮ್ಮ ಮುದ್ದಿನಿಂದ ನನ್ನ ಕೆಲಸಕ್ಕೆ ಕುತ್ತು ಬಂತು ಎನ್ನಲು ಇವಳಿಗೆ ಬಾಯೇ ಬರಲಿಲ್ಲ. ಮಾರನೆಯ ದಿನ ಬಚ್ಚಲಲ್ಲಿ ನೀರಿನ ಸದ್ದು ಕೇಳುತ್ತಿರುವಾಗಲೇ, "ತಡವಾಯ್ತು ಅತ್ತೆ" ಎಂದು ಬಾಗಿಲಿಂದಲೇ ಕೂಗಿ ಕಾಲುಕಿತ್ತಳು. ಹಾಗೇ ನಾಲ್ಕು ದಿನ ನಡೆಯಿತು. ಕಾರ್ಖಾನೆಯಲ್ಲಿ ಬಿಳಿ ಚೂರು ಬೀಳುವುದು ನಿಂತೇಹೋಯಿತು.

ಐದನೆಯ ದಿನ ಧೂಳಮ್ಮ ಇವಳ ಯಂತ್ರದ ಬಳಿ ಬಂದು ನಿಂತಳು. ಕಾಣುವುದು ಕಣ್ಣೊಂದೇ ಆದಾಗ ಅದನ್ನು ಎಲ್ಲಿ ಬಚ್ಚಿಡುವುದು? ಮುಸುಕಿನ ಅಂಚು ಒದ್ದೆಯಾಗಿತ್ತು. ಧೂಳಮ್ಮ ಕೈ ಹಿಡಿದು ಹೊರಗಿನ ಉಡುಪಿನ ಕೋಣೆಗೆ ಕರೆತಂದು ಬೆಂಚಿನ ಮೇಲೆ ಕೂರಿಸಿದಳು.

"ಕಣ್ಣೀರಲ್ಲಿ ಉಪ್ಪಿರುತ್ತೆ ಕಣಮ್ಮ. ಪೌಡರ್ ಬಿದ್ರೆ ಒಂದು ಚಿಪ್ಪು ಕೆಡುತ್ತೆ, ಉಪ್ಪಾದ್ರೆ ಒಳಗೆಲ್ಲ ಹರಡುತ್ತೆ."

ಇವಳು ಬಿಕ್ಕುತ್ತಲೇ ಎಲ್ಲ ಹೇಳಿದಳು.

"ಪೌಡರ್ ಬೇಡ ಅಂದೆ. ಮಗು ಬೇಡ ಅಂತ ಯಾವಾಗ ಅಂದೆ?" ಧೂಳಮ್ಮನಿಗೆ ನಿಜಕ್ಕೂ ಸಿಟ್ಟು ಬಂದಿತ್ತು. "ಆ ಕುಳಿಯಲ್ಲಿ ತುಂಬಿದ್ದು ಸೋರಿಹೋಗುತ್ತೆ, ಸೆಕೆಂಡಿಗೆ ಹತ್ತಾರು ಸಲ ಮತ್ತೆ ತುಂಬ್ತಾನೇ ಇರಬೇಕು, ಇಲ್ಲಾಂದ್ರೆ ಚಿಪ್ಪು ಎಲ್ಲಾ ಮರೆತುಬಿಡುತ್ತೆ ಅಂತ ನಿನಗೆ ಕಲಿಸಿದ್ದು ನಾನೇ ತಾನೆ? ಕೂಸಿಗೆ ದಿನಕ್ಕೆ ಒಂದು ಸಲ ಆದ್ರೂ ಬೇಡ್ವಾ? ತೆಗಿ ಫೋನು."

ಧೂಳಮ್ಮನೇ ಅತ್ತೆಯ ಜೊತೆ ಮಾತಾಡಿದಳು. ತಾನು ಯಾರು, ಬಿಲ್ಲೆ ಎಂದರೇನು, ಕಣ ಎಂದರೇನು, ಸೊಸೆ ಬೆಳಗ್ಗೆ ಏಕೆ ಓಡಿಹೋಗುತ್ತಿದ್ದಾಳೆ, ಎಲ್ಲವನ್ನೂ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಹೇಳುವಂತೆ ಬಿಡಿಸಿ ಹೇಳಿ, ಸ್ನಾನ ಮಾಡಿಸಿ ಹಾಗೇ ಕೊಡಿ ಅಮ್ಮಾ, ಪೌಡರ್ ಅವಳು ಹೋದ ಮೇಲೆ ಹಚ್ಚಿ ಎಂದಳು. ಫೋನಿನ ಸ್ಪೀಕರಿನಲ್ಲಿ ಮಗುವಿನ ಕೇಕೆಯೂ ಕೇಳಿಸುತ್ತಿತ್ತು.

"ಮೊದಲೇ ಹೇಳಬಾರದಿತ್ತಾ ತಾಯಿ," ಎಂದರು ಅತ್ತೆ. "ಇವಳು ಮಗು ಕಡೆ ತಿರುಗಿ ಕೂಡ ನೋಡ್ತಿಲ್ವಲ್ಲಾ, ಇನ್ನೊಂಚೂರು ಮುದ್ದಾಗಿ ಕಂಡ್ರೆ ಎತ್ಕೋತಾಳೇನೋ ಅಂತ, ನಾಲ್ಕು ದಿನದಿಂದ ರಾತ್ರಿ ಇವಳು ಬರೋ ಹೊತ್ತಿಗೂ ಸೇರಿ ನಾನು ಎರಡೆರಡು ಸಲ ಪೌಡರ್ ಹಚ್ತಾ ಇದ್ದೆ."