ಮನೆಗೊಂದು ಸೀರೆ

ನೀಲಮ್ಮ ಎದುರು ಮನೆಯ ಬೆಲ್ ಒತ್ತಿದಳು. ತಮ್ಮ ಮನೆಯ ಅರೆತೆರೆದ ಬಾಗಿಲ ಹಿಂದೆ ನಿಂತಿದ್ದ ಮಡಿವಾಳಪ್ಪನಿಗೆ ಜೀವ ಬಾಯಿಗೆ ಬಂತು.

"ಯಾವಾಗ ಬಂದ್ರಿ ಅಂತ ಕೇಳಿದ್ರ ಮೂರು ತಿಂಗಳಾತು ಅನ್ನು" ಎಂದು ಹೆಂಡತಿಗೆ ಬೆಳಗಿನಿಂದ ಪಾಠ ಮಾಡಿದ್ದ. ಅವಳು ದುಬೈಗೆ ಬಂದಿಳಿದದ್ದು ನಿನ್ನೆ.

"ಸುಳ್ಳು ಹೇಳಾಕ ವಿಮಾನ ಹತ್ತಿಸಿ ಕರಿಸಿದ್ರೇನು?" ಎಂದವಳೇ ಹೋಳಿಗೆ ಮಾಡಿಟ್ಟು, ಅರಿಶಿನ ಕುಂಕುಮದ ತಟ್ಟೆ ಹಿಡಿದು ಹೊರಟಿದ್ದಳು. ಹೊಸ ಮನೆ, ಶುಕ್ರವಾರ ಬೇರೆ. ಅಕ್ಕಪಕ್ಕದ ಮುತ್ತೈದೆಯರನ್ನು ಕರೆಯದೆ ಇರುವುದುಂಟೆ?

ದೇರಾ ಬಡಾವಣೆಯ ಈ ಕಟ್ಟಡ ಮೊದಲು ಬರೀ ಗಂಡಸರದ್ದು. ಕೋಣೆ ತುಂಬ ಮಂಚ, ಬಾಲ್ಕನಿ ತುಂಬ ಲುಂಗಿ. ಆಮೇಲೆ ಊರು ಬೆಳೆಯಿತು, ಸಂಬಳ ಏರಿತು, ಎ.ಸಿ. ಮೆಕ್ಯಾನಿಕ್ ಮಡಿವಾಳಪ್ಪ ಸೂಪರ್‌ವೈಸರ್ ಆದ. ಮಾಲೀಕ ಗೋಡೆಗೆ ಬಣ್ಣ ಹೊಡೆಸಿ, ಬಾಡಿಗೆ ಏರಿಸಿ, ಇನ್ನು ಫ್ಯಾಮಿಲಿಗಳಿಗೆ ಮಾತ್ರ ಎಂದ. ಊರಲ್ಲಿ ಹೆಂಡತಿ ಮಕ್ಕಳಿದ್ದರೂ ಇಲ್ಲಿ ಒಬ್ಬನೇ ಇದ್ದವನು ಬ್ಯಾಚುಲರೇ. ಅಂಥವನು ಗಂಟುಮೂಟೆ ಕಟ್ಟಬೇಕು, ಖಲಾಸ್.

ನೀಲಮ್ಮನ ವೀಸಾ ತಡವಾಯಿತು. ಈ ಮನೆ ಕೈಬಿಟ್ಟರೆ ಇನ್ನೊಂದು ಸಿಗದು. ಮಡಿವಾಳಪ್ಪ ನೆನಪಿಗೆಂದು ತಂದಿದ್ದ ಅವಳ ಹಸಿರು ಇಳಕಲ್ ಸೀರೆಯನ್ನು ಬಾಲ್ಕನಿಯಲ್ಲಿ ಹರವಿ, ಹೆಂಡತಿ ಬಂದಳು ಎಂದುಬಿಟ್ಟ. ವಾಚ್‌ಮನ್ ಕೆಳಗಿನಿಂದಲೇ ತಲೆಯೆತ್ತಿ ನೋಡಿ ಒಪ್ಪಿದ. ಅವನಿಗೆ ಸೀರೆ ಕಂಡರೆ ಸಂಸಾರ ಕಂಡಂತೆ. ವಾರ ಕಳೆಯುವುದರೊಳಗೆ ಉಳಿದ ಬಾಲ್ಕನಿಗಳಲ್ಲೂ ಸೀರೆಗಳು ಹಾರಾಡಿದವು. ಇಷ್ಟು ಸಂಸಾರಸ್ಥರ ನಡುವೆ ತಾನೊಬ್ಬ ಕಳ್ಳ ಎಂದು ಹೆದರಿ, ಅವನು ಲಿಫ್ಟಿನಲ್ಲಿ ಯಾರಿಗೂ ಮುಖ ಕೊಟ್ಟಿರಲಿಲ್ಲ.

ಎದುರು ಬಾಗಿಲು ಬೆರಳಷ್ಟು ತೆರೆಯಿತು. ಮೈಸೂರಿನ ಶಾಮಸುಂದರ.

"ಕೋಕಿಲಾ... ಸ್ನಾನಕ್ಕೆ ಹೋಗಿದಾಳೆ."

ಬಾಗಿಲು ಮುಚ್ಚಿತು. ಪಕ್ಕದ ಮನೆಯ ಅಲೆಕ್ಸಾಂಡರನ ಹೆಂಡತಿ ರೋಸಿಯೂ ಸ್ನಾನದಲ್ಲಿದ್ದಳು. ಮೇಲಿನ ಮಹಡಿಯಲ್ಲೂ ಸ್ನಾನವೇ ನಡೆದಿತ್ತು.

ನೀಲಮ್ಮ ಕಣ್ಣು ತುಂಬಿಕೊಂಡು ಮರಳಿದಳು. "ನನ್ನ ಕಂಡ್ರ ಈ ಹೆಣ್ಮಕ್ಕಳಿಗೆ ಆಗಂಗಿಲ್ಲೇನ್ರೀ? ಮಾತಿಗೊಬ್ರಿಲ್ಲದ ಊರಾಗ ನಾ ಇರಾಂಗಿಲ್ಲ. ಟಿಕೆಟ್ ತಗಸ್ರಿ. ನೀವರ ಏನ್ ಕಡಿಮಿ? ನನ್ನ ಸೀರಿ ಬಿಸಲಿಗೆ ಹಾಕಿ ಬಣ್ಣಾನ ತಗದೀರಿ!" ಬಾಲ್ಕನಿಯ ಹಗ್ಗದಿಂದ ಎಳೆದ ಆ ಸೀರೆಯನ್ನೇ ಅವಳು ಹಟಕ್ಕೆ ಉಟ್ಟಿದ್ದಳು.

ಮಡಿವಾಳಪ್ಪ ಧೈರ್ಯ ಮಾಡಿ ಶಾಮಸುಂದರನ ಬಾಗಿಲು ತಟ್ಟಿದ. "ಸರ್, ನಿಮ್ಮ ಮನಿಯವರು ಒಂದ್ ಸಲ ಬಂದು ಹೋಗ್ಲಿ. ಇಲ್ಲಂದ್ರ ನನ್ನ ಹೆಂಡ್ತಿ ಊರಿಗೆ ಹೊಂಟಾಳ."

ಶಾಮಸುಂದರ ಅತ್ತಿತ್ತ ನೋಡಿದ. "ಯಾರಿಗೂ ಹೇಳ್ಬೇಡಿ. ಕೋಕಿಲಾ ಇನ್ನೂ ಮೈಸೂರಲ್ಲೇ ಇದಾಳೆ. ವೀಸಾ ಬಂದಿಲ್ಲ. ನಿಮ್ಮ ಬಾಲ್ಕನಿ ನೋಡಿ ನಾನೂ ಒಂದು ಸೀರೆ ತಂದು ಹಾಕ್ದೆ!"

"ರೋಸಿಯೂ ಮಂಗಳೂರಲ್ಲೇ ಇರುವುದು ಮಾರಾಯ್ರೆ" ಎಂದಿತು ಪಕ್ಕದ ಬಾಗಿಲ ಸಂದಿ.

ಒಂದೊಂದೇ ಬಾಗಿಲು ತೆರೆಯಿತು. ಮೇಲಿನಿಂದ, ಕೆಳಗಿನಿಂದ ಲುಂಗಿಗಳು ಬಂದು ಕೂಡಿದವು. ಮೊದಲು ಪಿಸುಮಾತು, ಆಮೇಲೆ ಗೋಡೆ ನಡುಗುವಂಥ ನಗು. ನೀಲಮ್ಮನಂತೂ ಹೊಟ್ಟೆ ಹಿಡಿದುಕೊಂಡು ಹೊಸ್ತಿಲ ಮೇಲೇ ಕುಳಿತುಬಿಟ್ಟಳು.

"ನಿಮ್ಮ ಹೆಂಡ್ರೆಲ್ಲಾ ಬರೂತನಕ ನಾ ಎಲ್ಲೀ ಹೋಗಾಂಗಿಲ್ಲ. ಬರ್ರಿ, ಹೋಳಗಿ ಕೊಡ್ತೀನಿ" ಎಂದು ಅಡುಗೆಮನೆಗೆ ಎದ್ದಳು.

ಮಡಿವಾಳಪ್ಪನ ಎದೆ ಹಗುರಾಯಿತು. ಮೂರು ತಿಂಗಳಲ್ಲಿ ಮೊದಲ ಸಲ ಅವನು ಯಾರಿಗೂ ಹೆದರಬೇಕಿರಲಿಲ್ಲ.

ಆಗ ವಾಚ್‌ಮನ್ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. ಉಳಿದವರಿಗೆಲ್ಲ ಗೌರವದಿಂದ ಸಲಾಂ ಹೊಡೆದು, ನೇರ ಮಡಿವಾಳಪ್ಪನ ಎದುರು ನಿಂತ.

"ಎಲ್ಲರ ಬಾಲ್ಕನಿಯಲ್ಲೂ ಸೀರೆ ಇದೆ, ನಿನ್ನದರಲ್ಲಿ ಮಾತ್ರ ಇಲ್ಲ. ಸಚ್ ಬೋಲೋ ಭಾಯ್, ಬ್ಯಾಚುಲರ್?"