ಶೇಖವ್ವನ ಮೊರ

“ಯಕ್ಕಾ, ಕಲ್ಲು ದಾಟಬ್ಯಾಡ್ರಿ. ನಮ್ಮೂರಾಗೂ ಸಣ್ಣ ಮಕ್ಕಳದಾವ,” ಎಂದು ಹುಲಗೂರಿನ ಫಕ್ರುಸಾಬ ಗಡಿಕಲ್ಲಿನ ಆಚೆ ಬಡಿಗೆ ಅಡ್ಡ ಹಿಡಿದು ನಿಂತ. ಈಚೆ ಹಿರೇಬೆಂಡಿಗೇರಿಯ ಗಂಡಸರ ಕೈಯಲ್ಲೂ ಬಡಿಗೆಗಳಿದ್ದವು. ನಡುವೆ ಶೇಖವ್ವ ಮೊರ ಹೊತ್ತು ನಿಂತಿದ್ದಳು. ಮೊರದಲ್ಲಿ ಬೇವಿನ ಸೊಪ್ಪು, ಹಸಿರು ಬಳೆ, ಕುಬಸದ ಖಣ. ಊರಿಗೆ ಕಾಲರಾ ಬಂದಾಗ ಬೇನೆಯ ದೇವಿಯನ್ನು ಹೀಗೆ ಮೊರದಲ್ಲಿ ಕೂರಿಸಿ, ಮುಂದಿನ ಊರಿನ ನೆಲದಲ್ಲಿ ಇಳಿಸಿ ಬರುವುದು ಅವಳ ಮನೆತನದ ಕೆಲಸ. ಹೊತ್ತವಳು ಹಿಂದಿರುಗಿ ನೋಡುವಂತಿಲ್ಲ.

“ಯವ್ವಾ, ಜಲ್ದಿ ಇಳಿಸ್ ಬೇ!” ಹಿಂದಿನಿಂದ ಮಗ ಗುದ್ಲೆಪ್ಪ ಅವಸರಿಸಿದ.

ಫಕ್ರುಸಾಬ ಬಡಿಗೆಯನ್ನು ಎದೆಗೆ ಅಡ್ಡ ಒತ್ತಿ ಹಿಡಿದ. ಶೇಖವ್ವ ಅದನ್ನೇ ನೋಡಿದಳು. ಆಮೇಲೆ ಹಿಂದಿರುಗಿದಳು. ಜನ ಬೆಚ್ಚಿ ದಾರಿ ಬಿಟ್ಟರು. ಗಡಿಕಲ್ಲಿನ ಈಚೆಯೇ ಒಂದು ಮರದ ನೆರಳಲ್ಲಿ ಮೈಸೂರು ಸರ್ಕಾರದ ಡಾಕ್ಟರು ಕಾಲರಾ ಸೂಜಿ ಹಿಡಿದು ಕುಳಿತಿದ್ದರು. ಬೆಳಗಿನಿಂದ ಒಬ್ಬರೂ ತೋಳು ಕೊಟ್ಟಿರಲಿಲ್ಲ. ಅವಳು ಮೊರವನ್ನು ಅವರ ಮೇಜಿನ ಮೇಲೆ ಇಳಿಸಿದಳು.

“ಈಕಿನ್ನ ಊರಿಂದ ಊರಿಗೆ ಅಟ್ಟಿದ್ದು ಸಾಕು. ನಮ್ಮೂರಿಗೆ ಬಂದಾಳ, ನಮ್ಮೂರಾಗ ತಣ್ಣಗಾಗ್ಲಿ. ಚುಚ್ರಿ,” ಎಂದು ಕುಬಸದ ತೋಳು ಮೇಲೇರಿಸಿದಳು.

ಬಡಿಗೆ ಬಿಸಾಕಿ, ಗಡಿಕಲ್ಲು ದಾಟಿ, ಅಂಗಿಯ ತೋಳು ಮಡಚುತ್ತಲೇ ಫಕ್ರುಸಾಬ ಓಡಿಬಂದ. ಮೊರ ಇನ್ನೂ ತಲೆಯ ಮೇಲಿದೆಯೋ ಎಂಬಂತೆ ಶೇಖವ್ವನ ಕತ್ತು ನೆಟ್ಟಗಿತ್ತು.

“ತಡೀರಿ ಫಕ್ರುಸಾಬರ, ಹಿಂದ ನಿಲ್ರಿ. ಬ್ಯಾನಿ ನಿಂದ್ರಸಾಕತ್ತಿದ್ದು ನಮ್ಮೂರು, ಮೊದ್ಲ ನಮ್ಮವರು. ಗುದ್ಲೆಪ್ಪಾ, ಬಾ, ತೋಳ ಕೊಡು!”