ಯಾರೂ ಕೇಳದ ಪ್ರಶ್ನೆ

ಮಾತುಕತೆಯ ಹನ್ನೊಂದನೆಯ ದಿನವೂ ಸಾರಿಗೆ ಮಂತ್ರಿಗಳು ಅತಿಥಿಗೃಹದ ಮೆಟ್ಟಿಲಿಳಿದು ಬಂದು, ಹನ್ನೆರಡು ಜನ ಪತ್ರಕರ್ತರ ಮುಂದೆ ನಿಂತು, ಏನೊಂದೂ ಹೇಳದೆ ಹದಿನೇಳು ನಿಮಿಷ ಮಾತಾಡಿದರು.

“ಸಾರ್, ನಡುಗಡ್ಡೆಯ ಲಾಂಚ್ ನಿಲ್ಲುತ್ತಾ, ಇಲ್ವಾ? ಅಷ್ಟು ಹೇಳಿ ಸಾಕು,” ಸಂಜೆ ಪತ್ರಿಕೆಯ ವರದಿಗಾರ್ತಿ ಪಟ್ಟು ಹಿಡಿದಳು.

“ನೋಡಿ ತಾಯಿ, ಚಲಿಸೋದೆಲ್ಲ ಒಂದಲ್ಲ ಒಂದು ಕಡೆ ನಿಲ್ಲಲೇಬೇಕಲ್ಲ?”

“ಶಾಶ್ವತವಾಗಿ ನಿಲ್ಲುತ್ತಾ ಅಂತ ಕೇಳಿದ್ದು ಸಾರ್.”

“ಈ ಲೋಕದಲ್ಲಿ ಶಾಶ್ವತ ಅನ್ನೋದು ಯಾವುದಿದೆ, ನೀವೇ ಹೇಳಿ! ಮಾತುಕತೆ ಸೌಹಾರ್ದದಿಂದ ನಡೀತಾ ಇದೆ. ನಮಸ್ಕಾರ.”

ಮಹಡಿಯ ಮೇಲಿನ ಕೋಣೆಯಲ್ಲಿ ಮೂರು ಕಡೆಯವರು ಕೂತಿದ್ದರು. ಲಾಂಚ್ ಓಡಿಸುವ ಕಂಪನಿ ಇನ್ನು ಒಲ್ಲೆ ಎನ್ನುತ್ತಿತ್ತು, ನಡುಗಡ್ಡೆಯ ಮುಖಂಡರು ಕಟ್ಟುತ್ತಿರುವ ಸೇತುವೆ ಮುಗಿಯುವ ತನಕ ನಾವು ಬಿಡೆವು ಎನ್ನುತ್ತಿದ್ದರು, ಸರ್ಕಾರ ಇಬ್ಬರ ಮಾತಿಗೂ ತಲೆಯಾಡಿಸುತ್ತಿತ್ತು. ಕೆಳಗೆ ಬಂದು ಅಡ್ಡಗೋಡೆಯ ಮೇಲೆ ದೀಪವಿಡುವುದು ಮಂತ್ರಿಗಳ ಕೆಲಸ. ಪತ್ರಕರ್ತರು ಅವರಿಗೆ ‘ಜಾರುಬಂಡೆ’ ಎಂದು ಹೆಸರಿಟ್ಟಿದ್ದರು. ಹತ್ತಿದವರೆಲ್ಲ ಹೊರಟಲ್ಲಿಗೇ ಬಂದು ಬೀಳುತ್ತಿದ್ದರು.

ವರದಿಗಾರ್ತಿಗೆ ನಗು ಬರುವ ಸ್ಥಿತಿಯಿರಲಿಲ್ಲ. ನಡುಗಡ್ಡೆಯ ಚಿಕಿತ್ಸಾಲಯದಲ್ಲಿ ಅವಳ ಅಕ್ಕನೇ ನರ್ಸು. ದಿನಕ್ಕೆರಡು ಸಲ ಅವಳ ಫೋನು.

“ಎಂಟು ಜನ ತುಂಬು ಬಸುರಿಯರಿದ್ದಾರೆ ಕಣೇ. ಲಾಂಚ್ ನಿಂತ್ರೆ ಹೆರಿಗೆಗೆ ಈಜಿಕೊಂಡು ಬರೋಕಾಗುತ್ತಾ? ದಡಕ್ಕೆ ಈಗಲೇ ಕಳಿಸ್ಲಾ, ಬೇಡ್ವಾ?”

“ಹನ್ನೊಂದು ದಿನದಿಂದ ಕೇಳ್ತಾ ಇದೀನಕ್ಕ. ಆಸಾಮಿ ಬಾಯೇ ಬಿಡಲ್ಲ.”

“ನೀನು ಕೇಳೋದೇ ತಪ್ಪು. ಮೊಂಡು ರೋಗಿಗಳ ಹತ್ರ ನಾನು ಏನೂ ಕೇಳಲ್ಲ. ಕೈ ಹಿಡ್ಕೊಂಡು ಮುಖ ನೋಡ್ತಾ ಕೂತ್ಕೋತೀನಿ. ಐದು ನಿಮಿಷಕ್ಕೆ ಕದ್ದು ತಿಂದಿದ್ದು, ಕುಡಿದಿದ್ದು ಎಲ್ಲಾ ತಾವೇ ಒಪ್ಪಿಸ್ತಾರೆ.”

ವರದಿಗಾರ್ತಿ ಫೋನಿಟ್ಟಳು. ಆಮೇಲೆ ಉಳಿದ ಹನ್ನೊಂದು ಜನರನ್ನೂ ಒಬ್ಬೊಬ್ಬರನ್ನಾಗಿ ಮೂಲೆಗೆ ಕರೆದು ಕಿವಿ ಕಚ್ಚಿದಳು. ರೇಡಿಯೋದವನೊಬ್ಬನನ್ನು ಒಪ್ಪಿಸುವುದು ಕಷ್ಟವಾಯಿತು. ಪ್ರಶ್ನೆ ಕೇಳದಿದ್ದರೆ ತನ್ನ ದನಿ ಪ್ರಸಾರವಾಗುವುದಿಲ್ಲವಲ್ಲ ಎಂಬುದು ಅವನ ಸಂಕಟ.

ಮರುದಿನ ಮಧ್ಯಾಹ್ನ ಮಂತ್ರಿಗಳು ಕೋಟಿನ ಗುಂಡಿ ಹಾಕಿಕೊಳ್ಳುತ್ತ ಇಳಿದು ಬಂದರು. “ಹ್ಞೂಂ, ಕೇಳಿ.”

ಯಾರೂ ಕೇಳಲಿಲ್ಲ. ಮೈಕುಗಳು ಚಾಚಿಕೊಂಡಿದ್ದವು, ಪೆನ್ನುಗಳು ಸಿದ್ಧವಿದ್ದವು, ಹನ್ನೆರಡು ಮುಖಗಳು ಅವರನ್ನೇ ನೋಡುತ್ತಿದ್ದವು. ಸೂರಿನ ಫ್ಯಾನು ಕಿರ್ರೆನ್ನುತ್ತಿದ್ದುದು ಅಂದು ಮೊದಲ ಸಲ ಎಲ್ಲರಿಗೂ ಕೇಳಿಸಿತು.

“ಮಾತುಕತೆ ಸೌಹಾರ್ದದಿಂದ...” ಎಂದು ಅವರೇ ಶುರುಮಾಡಿದರು. ಒಂದು ಪೆನ್ನೂ ಅಲುಗಲಿಲ್ಲ. “ಯಾಕೆ, ಬರ್ಕೊಳ್ಳಲ್ವಾ?”

“ನಿನ್ನೆ ಬರ್ಕೊಂಡಿದ್ದೇ ಇದೆ ಸಾರ್,” ವರದಿಗಾರ್ತಿ ವಿನಯದಿಂದ ಹೇಳಿ ಮತ್ತೆ ಅವರ ಮುಖ ನೋಡತೊಡಗಿದಳು. ರೇಡಿಯೋದವನ ತುಟಿ ಅದುರುತ್ತಿದ್ದುದನ್ನು ಕಂಡು ಅವನ ಕಾಲನ್ನು ಮೆಲ್ಲಗೆ ತುಳಿದಳು.

ಮಂತ್ರಿಗಳು ನಕ್ಕರು. ಜೊತೆಗೆ ಯಾರೂ ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ಮೂವತ್ತು ವರ್ಷಗಳಲ್ಲಿ ಎಂತೆಂಥ ಪ್ರಶ್ನೆಗಳಿಂದ ಜಾರಿಕೊಂಡವರು. ಜಾರುವುದಕ್ಕೆ ಪ್ರಶ್ನೆಯೇ ಇಲ್ಲದಿದ್ದರೆ ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

“ಏನು ಹಾಗೆ ನೋಡ್ತೀರಿ? ಕಂಪನಿಯವರು ಏನಾದ್ರೂ ಹೇಳಿದ್ರಾ?”

ಮೌನ.

“ನೋಡಿ, ಬರೋ ಶುಕ್ರವಾರ ಲಾಂಚ್ ನಿಲ್ಲಿಸೋಕೆ ನಾನು ಸಹಿ ಹಾಕಿದೀನಿ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ! ಅದು ಬರೀ ಕರಡು. ಕರಡಿನ ಮೇಲೆ ಹಾಕಿದ ಸಹಿ ಸಹೀನೇ ಅಲ್ಲ!”

ಕುಂಬಳಕಾಯಿ ಕಳ್ಳ ಎಂದು ಯಾರೂ ಅನ್ನುವ ಮೊದಲೇ ಮಂತ್ರಿಗಳು ಹೆಗಲು ಮುಟ್ಟಿ ನೋಡಿಕೊಂಡಿದ್ದರು. ಹನ್ನೆರಡೂ ಪೆನ್ನುಗಳು ಒಟ್ಟಿಗೆ ಕಾಗದದ ಮೇಲೆ ಬಿದ್ದವು. ಹಿಂದೆ ನಿಂತಿದ್ದ ಆಪ್ತ ಕಾರ್ಯದರ್ಶಿ ಸಾಹೇಬರ ತೋಳು ಹಿಡಿದು ಎಳೆಯುವಷ್ಟರಲ್ಲಿ ವರದಿಗಾರ್ತಿ ಅಂಗಳದಲ್ಲಿದ್ದಳು.

“ಶುಕ್ರವಾರ ಅಂತೆ ಅಕ್ಕ.”

“ಗೊತ್ತಾಯ್ತು ಬಿಡು,” ಎಂದು ಅಕ್ಕ ಫೋನಿಟ್ಟಳು.

ಮರುದಿನ ಬೆಳಗಿನ ಲಾಂಚಿನಲ್ಲಿ ಅಕ್ಕನ ಜೊತೆ ಎಂಟೂ ಬಸುರಿಯರು ಬಂದರು, ಅವರ ಹಿಂದೆ ಅರ್ಧ ನಡುಗಡ್ಡೆಯೇ ಬಂತು. ಆಸ್ಪತ್ರೆಯ ದಾರಿಯಲ್ಲಿ ಅತಿಥಿಗೃಹ ಸಿಕ್ಕಿತು. ಸ್ವಲ್ಪ ಸುಧಾರಿಸಿಕೊಳ್ಳಲೆಂದು ಎಂಟೂ ಜನ ಅದರ ಮೆಟ್ಟಿಲ ಮೇಲೇ ಕೂತರು. “ಏಳ್ರಮ್ಮಾ” ಎಂದು ಗದರಲು ಬಂದ ಪೊಲೀಸಿನವನಿಗೆ ಅಕ್ಕ, “ಇವರಲ್ಲಿ ಒಬ್ಬಳಿಗೆ ಇಲ್ಲೇ ನೋವು ಬಂದ್ರೆ ನೀವೇ ಹಿಡ್ಕೋಬೇಕು, ಕೈ ತೊಳ್ಕೊಂಡು ಬನ್ನಿ,” ಎಂದಳು. ಆತ ಹೋದವನು ಮತ್ತೆ ಬರಲಿಲ್ಲ. ಮಹಡಿಯ ಮೇಲಿದ್ದವರಿಗೆ ಕೆಳಗಿಳಿಯುವ ದಾರಿ ಆ ಮೆಟ್ಟಿಲೊಂದೇ. ಹನ್ನೆರಡು ದಿನ ಹರಿಯದ ಮಾತುಕತೆ ಎರಡೇ ಗಂಟೆಯಲ್ಲಿ ಹರಿಯಿತು: ಸೇತುವೆ ಮುಗಿಯುವವರೆಗೆ ಲಾಂಚ್ ನಿಲ್ಲದು. ಅಕ್ಕ ಬಸುರಿಯರನ್ನು ಎಬ್ಬಿಸಿ ಆಸ್ಪತ್ರೆಯತ್ತ ನಡೆಸಿಕೊಂಡು ಹೋದಳು.

ಒಪ್ಪಂದ ಓದಿ ಹೇಳಲು ಮಂತ್ರಿಗಳು ಬರುತ್ತಾರೆಂದು ಪತ್ರಕರ್ತರು ಸಾಲಾಗಿ ನಿಂತರು. ಬಂದದ್ದು ಆಪ್ತ ಕಾರ್ಯದರ್ಶಿ. ವರದಿಗಾರ್ತಿಯ ಹತ್ತಿರ ಬಂದು, ಹಣೆಯ ಬೆವರೊರೆಸಿಕೊಂಡು, ದನಿ ತಗ್ಗಿಸಿದ.

“ಸಾಹೇಬರು ಬಾಗಿಲ ಹಿಂದೇನೇ ಇದಾರೆ ಮೇಡಂ. ಏನು ಬೇಕಾದ್ರೂ ಕೇಳಿ, ಎಷ್ಟು ಬೇಕಾದ್ರೂ ಕೇಳಿ. ದಯವಿಟ್ಟು ಸುಮ್ನೆ ಮಾತ್ರ ಇರಬೇಡಿ.”